ಕಾನೂನು ಪ್ರಶ್ನೋತ್ತರ: ಪೊಲೀಸರು ಕೈ ತೋರಿಸಿದರೂ ಗಾಡಿ ನಿಲ್ಲಿಸದೆ ಹೋದರೆ

ಈ ಸಂಚಿಕೆಗೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿವೆ. ಪೊಲೀಸರು ನಿಲ್ಲಿಸುವಂತೆ ಸೂಚಿಸಿದಾಗ ವಾಹನವನ್ನು ನಿಲ್ಲಿಸದೆ ಓಡಿಸಿಕೊಂಡು ಹೋದರೆ ಕಾನೂನು ಏನು ಹೇಳುತ್ತದೆ ಎಂಬುದೇ ಆ ವಿಷಯ. ಆದ್ದರಿಂದ ಆಸ್ತಿ ವಿಭಾಗ ಮತ್ತು ಜೀವನಾಂಶದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಬಾರಿ ಇದೊಂದಕ್ಕೇ ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಹತ್ತೊಂಬತ್ತು ವರ್ಷ. ಪದವಿ ಓದುತ್ತಿದ್ದಾನೆ. ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬರುತ್ತಿದ್ದಾಗ ಪೊಲೀಸರು ಕೈ ಅಡ್ಡ ಮಾಡಿದ್ದಾರೆ. ಹೆದರಿಕೊಂಡು ಗಾಡಿ ತಿರುಗಿಸಿ, ಒನ್‌ವೇ ರಸ್ತೆಯಲ್ಲಿ ಎದುರು ದಿಕ್ಕಿನಿಂದ ನುಗ್ಗಿಸಿದ್ದಾನೆ. ಸಂತೆಯ ಹತ್ತಿರ ತರಕಾರಿ ಮಾರುವವರೊಬ್ಬರಿಗೆ ಗಾಡಿ ತಾಗಿ ಮೊಣಕೈಗೆ ಗಾಯವಾಗಿದೆ. ಅಲ್ಲಿಯೂ ನಿಲ್ಲದೆ ಮನೆಗೆ ಬಂದಿದ್ದಾನೆ. ನಂಬರ್ ನೋಡಿ ಠಾಣೆಯಿಂದ ನೋಟಿಸ್ ಕಳಿಸಿದ್ದಾರೆ. ಐನೂರು ರೂಪಾಯಿ ದಂಡದ ವಿಷಯ ಇಷ್ಟು ದೊಡ್ಡದಾಗುತ್ತದೆಯೇ, ವಕೀಲರೇ? — ಒಬ್ಬ ತಂದೆ, ಗಂಗಾವತಿ

ಉತ್ತರ: ಆಗುತ್ತದೆ, ಮತ್ತು ನಿಮ್ಮ ಮಗನ ವಿಷಯದಲ್ಲಿ ಈಗಾಗಲೇ ಆಗಿದೆ. ಹೇಗೆಂಬುದನ್ನು ವಿವರಿಸುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪೊಲೀಸರಿಂದ ವಾಹನದಲ್ಲಿ ತಪ್ಪಿಸಿಕೊಂಡು ಹೋಗುವುದನ್ನೇ ಒಂದು ಪ್ರತ್ಯೇಕ ಅಪರಾಧವೆಂದು ಹೆಸರಿಸಿ ಶಿಕ್ಷೆ ಹೇಳುವ ಕಲಂ 1988ರ ಮೋಟಾರು ವಾಹನ ಕಾಯ್ದೆಯಲ್ಲಾಗಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ ಇಲ್ಲ. ಇಷ್ಟು ಕೇಳಿದವರಲ್ಲಿ ಕೆಲವರು, ಹಾಗಾದರೆ ಓಡಿಹೋದರೆ ಏನೂ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ. ಒಂದೇ ಕಲಂ ಇಲ್ಲದಿರುವುದರಿಂದಲೇ ತನಿಖಾಧಿಕಾರಿಯು ಓಟದ ಉದ್ದಕ್ಕೂ ನಡೆದ ಒಂದೊಂದು ಕೃತ್ಯಕ್ಕೂ ಬೇರೆ ಬೇರೆ ಕಲಂ ಹಚ್ಚುತ್ತಾ ಹೋಗುತ್ತಾನೆ, ಮತ್ತು ಪ್ರಕರಣದ ತೂಕವನ್ನು ನಿರ್ಧರಿಸುವುದು ಓಡಿದ್ದಕ್ಕಿಂತ ಹೆಚ್ಚಾಗಿ ಓಡುವಾಗ ಏನು ಮಾಡಿದಿರಿ ಎಂಬುದು.

ನಿಮ್ಮ ಮಗನ ಪ್ರಕರಣವನ್ನೇ ಹಂತಹಂತವಾಗಿ ನೋಡೋಣ. ಹೆಲ್ಮೆಟ್ ಧರಿಸದಿದ್ದುದಕ್ಕೆ ಕಾಯ್ದೆಯ 194ಡಿ ಕಲಂ 1,000 ರೂಪಾಯಿ ದಂಡ ಹೇಳುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಸ್ಥಳದಲ್ಲೇ ಕಟ್ಟಿ ಮುಗಿಸಿಕೊಳ್ಳುವ ಮೊತ್ತವನ್ನು 500ಕ್ಕೆ ಇಳಿಸಿತು. ನಿಂತಿದ್ದರೆ ದಂಡದ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಪೊಲೀಸ್ ಅಧಿಕಾರಿ ಕೊಡುವ ನಿರ್ದೇಶನವನ್ನು ಚಾಲಕನು ಪಾಲಿಸಬೇಕೆಂದು 119ನೇ ಕಲಂ ಹೇಳುತ್ತದೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿಯನ್ನು ಹಾಜರುಪಡಿಸಬೇಕೆಂದು 130ನೇ ಕಲಂ ಹೇಳುತ್ತದೆ. ಅಧಿಕಾರವುಳ್ಳವರು ಕಾನೂನುಬದ್ಧವಾಗಿ ಕೊಟ್ಟ ನಿರ್ದೇಶನವನ್ನು ಬೇಕೆಂದೇ ಮೀರಿದರೆ 179ನೇ ಕಲಮಿನ ಪ್ರಕಾರ 2,000 ರೂಪಾಯಿಯವರೆಗೆ ದಂಡವಿದೆ. ಇಷ್ಟು ಮಾತ್ರವಾಗಿದ್ದರೂ ವಿಷಯ ದಂಡದಲ್ಲಿಯೇ ತೀರುತ್ತಿತ್ತು.

ಆದರೆ ಅವನು ಎದುರು ದಿಕ್ಕಿನಲ್ಲಿ ನುಗ್ಗಿದ್ದಾನೆ. 2019ರ ತಿದ್ದುಪಡಿಯ ನಂತರ 184ನೇ ಕಲಂ, ಅಂದರೆ ಅಪಾಯಕಾರಿ ಚಾಲನೆಯ ಕಲಂ, ಕೆಂಪು ದೀಪ ದಾಟುವುದು, ನಿಲ್ಲುವ ಸೂಚನಾ ಫಲಕ ಮೀರುವುದು, ಸಂಚಾರದ ಹರಿವಿಗೆ ವಿರುದ್ಧವಾಗಿ ವಾಹನ ಓಡಿಸುವುದು ಇತ್ಯಾದಿಗಳನ್ನು ಹೆಸರಿಟ್ಟೇ ಸೇರಿಸಿಕೊಂಡಿದೆ. ಸಾರ್ವಜನಿಕರಿಗೆ ಅಪಾಯ ಒಡ್ಡುವಂತೆ ಹಾಗೆ ಓಡಿಸಿದರೆ, ಮೊದಲ ಬಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಇಲ್ಲಿ ಜನ ಗಮನಿಸದೆ ಬಿಡುವ ಮುಖ್ಯ ಅಂಶವೊಂದಿದೆ. ಹೆಲ್ಮೆಟ್, ಪರವಾನಗಿ, ವಿಮೆ ಮುಂತಾದವುಗಳ ದಂಡವನ್ನು 200ನೇ ಕಲಮಿನ ಪ್ರಕಾರ ನ್ಯಾಯಾಲಯಕ್ಕೆ ಹೋಗದೆ ಕಟ್ಟಿ ಮುಗಿಸಬಹುದು. 184ನೇ ಕಲಮನ್ನು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸಿದ ಸಂದರ್ಭವನ್ನು ಬಿಟ್ಟು, ಹಾಗೆ ಮುಗಿಸಲು ಬರುವುದಿಲ್ಲ. ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ಅಧಿಕಾರಿಯ ಕಣ್ಣೆದುರಿಗೇ ಈ ಅಪರಾಧ ನಡೆದರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನೂ 202ನೇ ಕಲಂ ಕೊಟ್ಟಿದೆ.

ಇದರ ಮೇಲೆ ವ್ಯಾಪಾರಿಗೆ ಆದ ಗಾಯ. ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ರಸ್ತೆಯಲ್ಲಿ ದುಡುಕಿನ ಅಥವಾ ನಿರ್ಲಕ್ಷ್ಯದ ಚಾಲನೆಗೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಹೇಳುತ್ತದೆ. ಬೇರೆಯವರ ಜೀವಕ್ಕೆ ಅಪಾಯ ತರುವ ಕೃತ್ಯದಿಂದ ಗಾಯವಾದರೆ 125ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಗಾಯ ತೀವ್ರವಾಗಿದ್ದರೆ ಮೂರು ವರ್ಷ ಅಥವಾ 10,000 ರೂಪಾಯಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸಾಗಿಸುವುದು, ಇಪ್ಪತ್ನಾಲ್ಕು ಗಂಟೆಯೊಳಗೆ ಠಾಣೆಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಅದನ್ನು ಮಾಡದಿದ್ದರೆ 187ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ. ಪೊಲೀಸರಿಂದ ಓಡಿದ್ದಕ್ಕಿಂತ ಗಾಯಾಳುವನ್ನು ಬಿಟ್ಟು ಓಡಿದ್ದನ್ನು ನ್ಯಾಯಾಧೀಶರು ಹೆಚ್ಚು ಗಂಭೀರವಾಗಿ ಕಾಣುತ್ತಾರೆ ಎಂಬುದು ನನ್ನ ಅಭಿಪ್ರಾಯ, ಮತ್ತು ಹಾಗೆ ಕಾಣುವುದು ಸರಿಯೇ.

ಇನ್ನು ನೀವು ಮಾಡಬೇಕಾದುದು. ನಿಮಗೆ ಬಂದಿರುವುದು ಬಹುಶಃ, ಬಂಧನ, ತನಿಖೆ, ಜಾಮೀನುಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸ್. ಅದರಲ್ಲಿ ಹೇಳಿದ ದಿನ ಹಾಜರಾಗಿ ತನಿಖೆಗೆ ಸಹಕರಿಸುವವರನ್ನು, ಬರೆದಿಟ್ಟ ಬಲವಾದ ಕಾರಣವಿಲ್ಲದೆ ಬಂಧಿಸುವಂತಿಲ್ಲ. ಹಾಜರಾಗದಿದ್ದರೆ ಆ ರಕ್ಷಣೆ ಹೋಗುತ್ತದೆ. ಮಗನನ್ನು ಹೊಸಪೇಟೆಗೋ ಹುಬ್ಬಳ್ಳಿಗೋ ನೆಂಟರ ಮನೆಗೆ ಕಳಿಸುವ ಸಲಹೆಯನ್ನು ಯಾರಾದರೂ ಕೊಟ್ಟಿದ್ದರೆ ದಯವಿಟ್ಟು ಕೇಳಬೇಡಿ. ಮೇಲೆ ಹೇಳಿದ ನ್ಯಾಯ ಸಂಹಿತೆಯ ಕಲಂಗಳು ಜಾಮೀನು ಕೊಡಬಹುದಾದಂಥವು. ಅವನು ಇಪ್ಪತ್ತೊಂದು ವರ್ಷದೊಳಗಿನವನಾದ್ದರಿಂದ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ ಅವನ ಪಾಲಿಗೆ ಮುಖ್ಯವಾದುದು. ಅಂಥ ವಯಸ್ಸಿನವರನ್ನು, ಬೇರೆ ದಾರಿ ಸೂಕ್ತವಲ್ಲವೆಂದು ಮನವರಿಕೆಯಾಗದ ಹೊರತು, ನ್ಯಾಯಾಲಯ ಜೈಲಿಗೆ ಕಳಿಸಬಾರದೆಂದು ಅದು ಹೇಳುತ್ತದೆ. ಒಂದೆರಡು ಸಾವಿರ ದಂಡ ಕಟ್ಟಿ ಬೇಗ ಮುಗಿಸೋಣವೆಂದು ವಕೀಲರನ್ನು ಕೇಳದೆ ತಪ್ಪೊಪ್ಪಿಕೊಳ್ಳುವುದೂ ಬೇಡ. ಅದು ದೋಷಸಿದ್ಧಿಯಾಗಿ ದಾಖಲಾಗುತ್ತದೆ, ಮುಂದೆ ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಎದುರಾಗುತ್ತದೆ. ಹೆಲ್ಮೆಟ್ ಕಲಮಿನಲ್ಲಿಯೇ ಮೂರು ತಿಂಗಳು ಪರವಾನಗಿಗೆ ಅನರ್ಹಗೊಳಿಸುವ ಅವಕಾಶವಿರುವುದರಿಂದ ಅದಕ್ಕೂ ಸಿದ್ಧರಾಗಿರಿ. ವ್ಯಾಪಾರಿಯ ಚಿಕಿತ್ಸೆಯ ಖರ್ಚನ್ನು ಕೊಡಲು ನೀವೇ ಮುಂದಾದರೆ ಅದು ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆಂಬ ಭಯ ಬೇಡ. ಮನುಷ್ಯರಾಗಿ ಮಾಡಬೇಕಾದ ಕೆಲಸ ಅದು.

ಪ್ರಶ್ನೆ: ನನ್ನ ಹೆಸರಿನಲ್ಲಿ ಎರಡು ಟಿಪ್ಪರ್‌ಗಳಿವೆ, ಸಂಡೂರು ಕಡೆಯಿಂದ ಅದಿರು ಸಾಗಿಸುತ್ತವೆ. ಒಂದರ ಚಾಲಕ ರಾತ್ರಿ ವೇಳೆ ತೂಕದ ತಪಾಸಣೆಗೆ ನಿಲ್ಲಿಸಲು ಹೇಳಿದರೂ ನಿಲ್ಲಿಸದೆ ಬ್ಯಾರಿಕೇಡ್‌ಗೆ ಗುದ್ದಿ ಹೋಗಿದ್ದಾನೆ. ಕರ್ತವ್ಯದಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬರ ಕೈ ಮುರಿದಿದೆ. ಗಾಡಿ ಸಿಕ್ಕಿದೆ, ಚಾಲಕ ನಾಪತ್ತೆ. ನಾನು ಆ ಹೊತ್ತಿಗೆ ಮನೆಯಲ್ಲಿದ್ದೆ. ನನ್ನ ಮೇಲೂ ಕೇಸ್ ಆಗುತ್ತದೆಯೇ? ಗಾಡಿ ಯಾವಾಗ ಸಿಗುತ್ತದೆ? — ಲಾರಿ ಮಾಲೀಕರು, ಬಳ್ಳಾರಿ ಜಿಲ್ಲೆ

ಉತ್ತರ: ನಿಲ್ಲಿಸದೆ ಹೋಗುವುದಕ್ಕೇ ಪ್ರತ್ಯೇಕ ಕಲಂ ಇಲ್ಲವೆಂದು ಮೇಲೆ ಹೇಳಿದೆ. ಅದಕ್ಕಿರುವ ಒಂದು ದೊಡ್ಡ ಅಪವಾದ ನಿಮ್ಮ ಉದ್ಯಮಕ್ಕೇ ಸಂಬಂಧಿಸಿದೆ. ಹೆಚ್ಚು ಭಾರ ಹೇರಿದ್ದಕ್ಕೆ 194(1)ನೇ ಕಲಂ 20,000 ರೂಪಾಯಿ ದಂಡವನ್ನೂ, ಮಿತಿ ಮೀರಿದ ಪ್ರತಿ ಟನ್‌ಗೆ 2,000 ರೂಪಾಯಿಯನ್ನೂ, ಹೆಚ್ಚುವರಿ ಭಾರ ಇಳಿಸುವ ಖರ್ಚನ್ನೂ ವಿಧಿಸುತ್ತದೆ. ಅದೇ ಕಲಮಿನ ಎರಡನೆಯ ಉಪಕಲಂ, ಅಧಿಕೃತ ಅಧಿಕಾರಿ ಸೂಚಿಸಿದ ಮೇಲೂ ವಾಹನ ನಿಲ್ಲಿಸಿ ತೂಕಕ್ಕೆ ಒಪ್ಪಿಸದ ಚಾಲಕನಿಗೆ, ಅಥವಾ ತೂಕಕ್ಕೆ ಮೊದಲೇ ಮಾಲು ಇಳಿಸಿದವನಿಗೆ, 40,000 ರೂಪಾಯಿ ದಂಡ ಹೇಳುತ್ತದೆ. ಐದು ಟನ್ ಹೆಚ್ಚಿಗೆ ಹೇರಿ ನಿಂತವನು ಕಟ್ಟುವುದು 30,000. ನಿಲ್ಲದೆ ಹೋದವನಿಗೆ, ಗಾಡಿಯಲ್ಲಿ ಎಷ್ಟೇ ಇರಲಿ, 40,000. ಈ ಲೆಕ್ಕವನ್ನು ನಮ್ಮ ಭಾಗದ ಲಾರಿ ಮಾಲೀಕರ ಸಂಘಗಳು ಚಾಲಕರಿಗೆ ತಿಳಿಸಿ ಹೇಳಿದ್ದರೆ ಎಷ್ಟೋ ಬ್ಯಾರಿಕೇಡ್‌ಗಳು ಉಳಿಯುತ್ತಿದ್ದವು. ತೂಕಕ್ಕೆ ಕಳಿಸುವ ಅಧಿಕಾರಕ್ಕೂ ಮಿತಿಯಿದೆ. 114ನೇ ಕಲಮಿನ ಪ್ರಕಾರ ತೂಕದ ಯಂತ್ರವು ಮುಂದಿನ ದಾರಿಯ ಯಾವುದೇ ಬಿಂದುವಿನಿಂದ ಹತ್ತು ಕಿಲೋಮೀಟರ್ ಒಳಗೆ, ಅಥವಾ ವಾಹನ ತಲುಪಬೇಕಾದ ಸ್ಥಳದಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ಇರಬೇಕು. ಆದರೆ ಆ ವಾದವನ್ನು ಗಾಡಿ ನಿಲ್ಲಿಸಿ ಮಾಡಬೇಕು.

ಚಾಲಕನ ಮೇಲಿನ ನಿಜವಾದ ಭಾರ ದಂಡದ್ದಲ್ಲ. ಕರ್ತವ್ಯ ನಿರತ ಸರ್ಕಾರಿ ನೌಕರನನ್ನು ತಡೆಯಲು ಬಲಪ್ರಯೋಗ ಮಾಡಿದರೆ ನ್ಯಾಯ ಸಂಹಿತೆಯ 132ನೇ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆ. ಅದೇ ಉದ್ದೇಶದಿಂದ ಗಾಯಪಡಿಸಿದರೆ 121(1)ರಡಿ ಐದು ವರ್ಷದವರೆಗೆ. ತೀವ್ರ ಗಾಯವಾದರೆ 121(2)ರಡಿ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಹತ್ತು ವರ್ಷದವರೆಗೆ. ಮೂಳೆ ಮುರಿತವನ್ನು ಕಾನೂನು ತೀವ್ರ ಗಾಯವೆಂದೇ ಪರಿಗಣಿಸುತ್ತದೆ. ಇವು ಜಾಮೀನು ರಹಿತ ಅಪರಾಧಗಳು. ಪೊಲೀಸರು ಇಂಥ ಪ್ರಕರಣಗಳಲ್ಲಿ ಕೊಲೆ ಯತ್ನದ 109ನೇ ಕಲಮನ್ನು ಸೇರಿಸುವುದೂ ಉಂಟು. ನ್ಯಾಯಾಲಯದಲ್ಲಿ ಆ ಆರೋಪ ನಿಲ್ಲಬೇಕಾದರೆ ಸಾಯಿಸುವ ಉದ್ದೇಶವೋ, ಸಾವು ಖಚಿತವಾಗಿ ಸಂಭವಿಸೀತೆಂಬ ಅರಿವೋ ಇತ್ತೆಂದು ಸಾಬೀತಾಗಬೇಕು. ಬ್ಯಾರಿಕೇಡ್ ತಳ್ಳಿ ದಾರಿ ಮಾಡಿಕೊಳ್ಳುವುದಕ್ಕೂ, ಎದುರಿಗೆ ನಿಂತ ಮನುಷ್ಯನ ಮೇಲೆ ಗಾಡಿ ತಿರುಗಿಸುವುದಕ್ಕೂ ವ್ಯತ್ಯಾಸವಿದೆ; ಸಿಸಿಟಿವಿ ದೃಶ್ಯ, ಚಕ್ರದ ಗುರುತು, ಬ್ರೇಕ್ ಹಾಕಿದ್ದರ ಸುಳಿವು ಈ ಪ್ರಶ್ನೆಯನ್ನು ನಿರ್ಧರಿಸುತ್ತವೆ. ಚಾಲಕ ನಿಮ್ಮ ಸಂಪರ್ಕಕ್ಕೆ ಬಂದರೆ, ಒಬ್ಬ ವಕೀಲರ ಮೂಲಕ ಸುರಕ್ಷಾ ಸಂಹಿತೆಯ 482ನೇ ಕಲಮಿನ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಲು ಅಥವಾ ನ್ಯಾಯಾಲಯಕ್ಕೆ ಶರಣಾಗಲು ಹೇಳಿ. ಅವನಿಗೆ ಆಶ್ರಯ ಕೊಟ್ಟು ಬಚ್ಚಿಟ್ಟರೆ ನೀವೇ ಆರೋಪಿಯಾಗುತ್ತೀರಿ.

ನಿಮ್ಮ ಹೊಣೆ ಹೀಗಿದೆ. ನೀವು ಸ್ಥಳದಲ್ಲಿರದೆ, ಓಡಿಹೋಗಲು ಫೋನಿನಲ್ಲಿಯೂ ಪ್ರೇರೇಪಿಸದಿದ್ದರೆ, ಕಾನ್‌ಸ್ಟೆಬಲ್ ಗಾಯಗೊಂಡ ಅಪರಾಧದಲ್ಲಿ ಮಾಲೀಕತ್ವವೊಂದೇ ನಿಮ್ಮನ್ನು ಆರೋಪಿಯನ್ನಾಗಿ ಮಾಡುವುದಿಲ್ಲ. ಆದರೆ ಅತಿ ಭಾರದ ದಂಡ ಚಾಲಕನಿಗೆ ಮಾತ್ರ ಸೀಮಿತವಲ್ಲ, ಹಾಗೆ ಓಡಿಸಲು ಬಿಟ್ಟವರಿಗೂ ಅನ್ವಯಿಸುತ್ತದೆ. ಚಾಲಕನ ಹೆಸರು, ವಿಳಾಸ ಮತ್ತು ಪರವಾನಗಿಯ ವಿವರವನ್ನು ಪೊಲೀಸರು ಕೇಳಿದಾಗ ಕೊಡುವುದು ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನ ಪ್ರಕಾರ ಮಾಲೀಕನ ಕರ್ತವ್ಯ. ಮುಚ್ಚಿಟ್ಟರೆ 187ನೇ ಕಲಮಿನ ಶಿಕ್ಷೆ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಗಾಯಾಳುವಿಗೆ ಪರಿಹಾರ ಕೊಡುವ ಹೊಣೆ ನಿಮ್ಮದು ಮತ್ತು ವಿಮಾ ಕಂಪನಿಯದು. ಚಾಲಕನಿಗೆ ಸರಿಯಾದ ಪರವಾನಗಿ ಇರಲಿಲ್ಲವೆಂದು ಸಾಬೀತಾದರೆ, ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ನಂತರ ನಿಮ್ಮಿಂದ ವಸೂಲು ಮಾಡುವ ಸಾಧ್ಯತೆಯಿದೆ. ಕೆಲಸಕ್ಕೆ ಇಟ್ಟುಕೊಳ್ಳುವಾಗ ಪರವಾನಗಿಯನ್ನು ನೋಡಿ, ಓಡಿಸಿ ತೋರಿಸಲು ಹೇಳಿದ್ದರೆ ಆ ಮಟ್ಟಿಗೆ ನಿಮಗೆ ರಕ್ಷಣೆ.

ಗಾಡಿಯನ್ನು ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ ಮಧ್ಯಂತರವಾಗಿ ಬಿಡಿಸಿಕೊಳ್ಳಬಹುದು. ಜಪ್ತಿಯಾದ ವಾಹನಗಳನ್ನು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಡಬಾರದು, ಫೋಟೊ, ಪಂಚನಾಮೆ ಮತ್ತು ಭದ್ರತೆ ಪಡೆದು ಬೇಗ ಬಿಡುಗಡೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯಲ್ಲಿ ಆ ತೀರ್ಪನ್ನು ಉಲ್ಲೇಖಿಸಿ.

ಪ್ರಶ್ನೆ: ನಮ್ಮ ಊರಿನ ಹುಡುಗರು ರಾತ್ರಿ ಟ್ರ್ಯಾಕ್ಟರ್‌ನಲ್ಲಿ ಹೊಳೆಯ ಮರಳು ತುಂಬಿಕೊಂಡು ಬರುತ್ತಾರೆ. ಪೊಲೀಸರು ಅಟ್ಟಿಸಿಕೊಂಡು ಬಂದರೆ ಕೃಷ್ಣಾ ಸೇತುವೆ ದಾಟಿ ತೆಲಂಗಾಣ ಸೇರಿದರೆ ಸಾಕು, ಅಲ್ಲಿಗೆ ಕರ್ನಾಟಕದವರು ಬರುವಂತಿಲ್ಲ ಎನ್ನುತ್ತಾರೆ. ಇದು ನಿಜವೇ? — ಕಾಲೇಜು ಉಪನ್ಯಾಸಕರು, ರಾಯಚೂರು

ಉತ್ತರ: ಸುಳ್ಳು. ವಾರಂಟ್ ಇಲ್ಲದೆ ಬಂಧಿಸಲು ಅಧಿಕಾರವಿರುವ ವ್ಯಕ್ತಿಯನ್ನು ಹಿಡಿಯಲು ಪೊಲೀಸ್ ಅಧಿಕಾರಿಯು ಭಾರತದ ಯಾವುದೇ ಸ್ಥಳಕ್ಕೆ ಬೆನ್ನಟ್ಟಿ ಹೋಗಬಹುದೆಂದು ಸುರಕ್ಷಾ ಸಂಹಿತೆಯ 45ನೇ ಕಲಂ ನೇರವಾಗಿ ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 48ನೇ ಕಲಮಿನಲ್ಲಿಯೂ ಇದೇ ಇತ್ತು. ಶಕ್ತಿನಗರದ ಆಚೆಯ ದಡಕ್ಕೆ ಹೋಗಲಿ, ಬಳ್ಳಾರಿಯಿಂದ ಗುಂತಕಲ್ ಕಡೆಗೆ ಹೋಗಲಿ, ರಾಜ್ಯದ ಗಡಿ ಆರೋಪಿಯನ್ನು ಕಾಪಾಡುವುದಿಲ್ಲ. ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮ ಅಲ್ಲಿಯೂ ಅನ್ವಯಿಸುತ್ತದೆ.

ಮರಳಿನ ವಿಷಯದಲ್ಲಿ ಓಟದ ಶಿಕ್ಷೆಗಿಂತ ಮಾಲಿನ ಶಿಕ್ಷೆಯೇ ದೊಡ್ಡದು. ಪರವಾನಗಿ ಇಲ್ಲದೆ ಖನಿಜ ತೆಗೆಯುವುದು ಮಾತ್ರವಲ್ಲ, ಸಾಗಿಸುವುದೂ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅಪರಾಧ. 21ನೇ ಕಲಂ ಐದು ವರ್ಷದವರೆಗೆ ಜೈಲು ಹೇಳುತ್ತದೆ, ಮತ್ತು ಬಳಸಿದ ವಾಹನವನ್ನು ನ್ಯಾಯಾಲಯ ಮುಟ್ಟುಗೋಲು ಹಾಕಿಕೊಳ್ಳಬಹುದು. ಇದರ ಜೊತೆಗೆ ಸರ್ಕಾರದ ಸೊತ್ತು ಕದ್ದರೆಂದು ಕಳ್ಳತನದ ಪ್ರಕರಣವನ್ನೂ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2014ರ ಸಂಜಯ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕ್ ಸಾಲದಲ್ಲಿ ಕೊಂಡ ಟ್ರ್ಯಾಕ್ಟರ್ ಮುಟ್ಟುಗೋಲಾದರೂ ಸಾಲದ ಕಂತು ನಿಲ್ಲುವುದಿಲ್ಲ ಎಂಬುದನ್ನು ಆ ಹುಡುಗರ ತಂದೆ ತಾಯಿಗೆ ತಾವು ಹೇಳಿದರೆ ಒಳ್ಳೆಯದು. ದೀಪ ಹಾಕದೆ ರಾತ್ರಿ ಹಳ್ಳಿಯ ರಸ್ತೆಯಲ್ಲಿ ಟ್ರೈಲರ್ ಸಮೇತ ಓಡಿಸಿ ಯಾರದಾದರೂ ಸಾವು ಸಂಭವಿಸಿದರೆ ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ ಐದು ವರ್ಷದವರೆಗೆ ಜೈಲು. ಅಪಘಾತ ಮಾಡಿ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷ ಹೇಳುವ 106(2)ನೇ ಉಪಕಲಂ, 2024ರ ಜನವರಿಯಲ್ಲಿ ಲಾರಿ ಚಾಲಕರು ನಡೆಸಿದ ಮುಷ್ಕರದ ನಂತರ, ಸಂಹಿತೆಯ ಉಳಿದ ಭಾಗದೊಂದಿಗೆ ಜಾರಿಗೆ ಬರಲಿಲ್ಲ. ಅದನ್ನು ತಡೆಹಿಡಿಯಲಾಯಿತು.

ಪ್ರಶ್ನೆ: ಹದಿನಾರು ವರ್ಷದ ನನ್ನ ತಮ್ಮನಿಗೆ ಅಮ್ಮ ಸ್ಕೂಟಿ ಕೊಟ್ಟು ಅಂಗಡಿಗೆ ಕಳಿಸಿದ್ದರು. ಪೊಲೀಸರನ್ನು ಕಂಡು ತಪ್ಪಿಸಿಕೊಂಡು ಬಂದಿದ್ದಾನೆ. ಸ್ಕೂಟಿ ಅಮ್ಮನ ಹೆಸರಿನಲ್ಲಿದೆ. — ಸಿಂಧನೂರು

ಉತ್ತರ: ತಮ್ಮನಿಗಿಂತ ನಿಮ್ಮ ತಾಯಿಯ ಸ್ಥಿತಿ ಕಷ್ಟದ್ದು. ಅಪ್ರಾಪ್ತರು ಮೋಟಾರು ವಾಹನ ಕಾಯ್ದೆಯಡಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದು 199ಎ ಕಲಂ ಭಾವಿಸುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ತನಗೆ ಗೊತ್ತಿಲ್ಲದೆ ಒಯ್ದನೆಂದೋ, ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆನೆಂದೋ ಸಾಬೀತುಪಡಿಸಿದರೆ ಪಾರಾಗಬಹುದು. ಆದರೆ ತಾಯಿಯೇ ಕೀ ಕೊಟ್ಟು ಕಳಿಸಿದ್ದಾರೆ, ಮತ್ತು ಸುಳ್ಳು ಹೇಳಿ ಎಂದು ನಾನು ಸಲಹೆ ಕೊಡಲಾರೆ. ನೋಟಿಸ್ ಬಂದರೆ ವಕೀಲರೊಂದಿಗೆ ಹೋಗಿ. ಅಲ್ಲಿಯವರೆಗೆ ಕೀಯನ್ನು ಅವನ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ನನ್ನ ಅಳಿಯ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಲ್ಲಿ ಪೊಲೀಸರಿಗೆ ಗಾಡಿ ನಿಲ್ಲಿಸದಿದ್ದರೆ ನೇರವಾಗಿ ಜೈಲು ಎನ್ನುತ್ತಾರೆ. ನಮ್ಮಲ್ಲಿ ಯಾಕೆ ಹಾಗಿಲ್ಲ? — ನಿವೃತ್ತ ನೌಕರರು, ಬಳ್ಳಾರಿ

ಉತ್ತರ: ಅಲ್ಲಿ ತಪ್ಪಿಸಿಕೊಳ್ಳುವುದೇ ಒಂದು ಸ್ವತಂತ್ರ ಅಪರಾಧ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 2800.1ನೇ ಕಲಂ ತಪ್ಪಿಸಿಕೊಳ್ಳುವ ಉದ್ದೇಶದಿಂದ ಓಡಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಜನರ ಸುರಕ್ಷತೆಯನ್ನು ಲೆಕ್ಕಿಸದೆ ಓಡಿಸಿದರೆ 2800.2ರಡಿ ಅದು ಇನ್ನೂ ಗಂಭೀರ ಅಪರಾಧವಾಗುತ್ತದೆ. ಸಾವು ನೋವಾದರೆ 2800.3ರಡಿ ಹಲವು ವರ್ಷಗಳ ಶಿಕ್ಷೆ. ಆದರೆ ಅದೇ ಕಾನೂನು ಪೊಲೀಸರ ಮೇಲೂ ಷರತ್ತು ಹಾಕುತ್ತದೆ. ಪೊಲೀಸ್ ವಾಹನಕ್ಕೆ ಎದ್ದು ಕಾಣುವ ಗುರುತಿರಬೇಕು, ಮುಂದಿನಿಂದ ಕಾಣುವಂತೆ ಕೆಂಪು ದೀಪ ಉರಿಯುತ್ತಿರಬೇಕು, ಅಗತ್ಯವಿದ್ದಷ್ಟು ಸೈರನ್ ಮೊಳಗುತ್ತಿರಬೇಕು, ಅಧಿಕಾರಿ ಸಮವಸ್ತ್ರದಲ್ಲಿರಬೇಕು. ನಮ್ಮ ಶಾಸಕಾಂಗ ಅಂಥದೊಂದು ಕಲಂ ತರುವುದಾದರೆ ಈ ಷರತ್ತುಗಳ ಸಮೇತ ತರಲಿ ಎಂಬುದು ನನ್ನ ಆಶಯ.

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಸ್ಕೂಟಿಯಲ್ಲಿ ಮನೆಗೆ ಬರುವ ದಾರಿಯಲ್ಲಿ ಬೀದಿದೀಪವಿಲ್ಲದ ಕಡೆ ಇಬ್ಬರು ಟಾರ್ಚ್ ತೋರಿಸಿ ನಿಲ್ಲಿಸಲು ಹೇಳಿದರು. ಒಬ್ಬರು ಜಾಕೆಟ್ ಹಾಕಿದ್ದರು, ಸಮವಸ್ತ್ರ ಕಾಣಲಿಲ್ಲ. ನಾನು ನಿಲ್ಲಿಸದೆ ಬಂದೆ. ಇದು ಅಪರಾಧವೇ, ಸರ್? — ಬಳ್ಳಾರಿ

ಉತ್ತರ: ನೀವು ಹೇಳಿದ ಸಂದರ್ಭದಲ್ಲಿ ಅಪರಾಧವಲ್ಲ ಎಂಬುದು ನನ್ನ ಅಭಿಪ್ರಾಯ. 130ನೇ ಕಲಂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಬಗ್ಗೆ ಮಾತಾಡುತ್ತದೆ. 179ನೇ ಕಲಂ ಬೇಕೆಂದೇ ಮೀರಿದವರನ್ನು ಶಿಕ್ಷಿಸುತ್ತದೆ. ಎದುರಿಗಿರುವವರು ಪೊಲೀಸರೆಂದು ಗೊತ್ತಾಗದಿದ್ದಾಗ ಬೇಕೆಂದೇ ಆಜ್ಞೆ ಮೀರಿದರೆಂದು ಹೇಳಲಾಗದು. ಹೀಗಿದ್ದರೂ ಮುಂದೆ ಇಂಥ ಸಂದರ್ಭ ಬಂದರೆ ವೇಗ ಹೆಚ್ಚಿಸಬೇಡಿ. ಇಂಡಿಕೇಟರ್ ಹಾಕಿ, ನಿಧಾನವಾಗಿ, ನಿಲ್ಲಿಸುವ ಮನಸ್ಸಿದೆಯೆಂದು ಕಾಣುವಂತೆ ಮುಂದುವರಿದು ಪೆಟ್ರೋಲ್ ಬಂಕ್, ಬಸ್ ನಿಲ್ದಾಣ ಅಥವಾ ಠಾಣೆಯ ಮುಂದೆ ಬೆಳಕಿರುವಲ್ಲಿ ನಿಲ್ಲಿಸಿ, 112ಕ್ಕೆ ಕರೆ ಮಾಡಿ ಸ್ಥಳ ಮತ್ತು ಸಮಯ ತಿಳಿಸಿ. ಆ ಕರೆಯ ದಾಖಲೆಯೇ ಮುಂದೆ ನಿಮ್ಮ ಉದ್ದೇಶಕ್ಕೆ ಸಾಕ್ಷಿಯಾಗುತ್ತದೆ. ಮಹಿಳೆಯನ್ನು ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯದ ಮೊದಲು, ವಿಶೇಷ ಸಂದರ್ಭವನ್ನು ಬಿಟ್ಟು, ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕೆಂದು ಸುರಕ್ಷಾ ಸಂಹಿತೆಯ 43ನೇ ಕಲಂ ಹೇಳುತ್ತದೆ. ಪರವಾನಗಿ, ಆರ್‌ಸಿಗಳನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡಿದ್ದರೆ ತಪಾಸಣೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ವಿದ್ಯುನ್ಮಾನ ರೂಪದ ದಾಖಲೆಗಳನ್ನು ನಿಯಮಗಳು ಒಪ್ಪುತ್ತವೆ.

ಪ್ರಶ್ನೆ: ನಮ್ಮ ದೂರದ ಸಂಬಂಧಿಯೊಬ್ಬ ಬೇರೆ ಜಿಲ್ಲೆಯ ಊರಿನಲ್ಲಿ ಮೂವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾಗ ಪೊಲೀಸರನ್ನು ಕಂಡು ಓಡಿಸಿದ. ಜೀಪು ಬೆನ್ನಟ್ಟಿ ಹಿಂದಿನಿಂದ ತಾಗಿ ಬಿದ್ದು ತೀರಿಕೊಂಡ. ಓಡಿದ್ದು ಅವನ ತಪ್ಪು, ನಿಮಗೆ ಏನೂ ಸಿಗುವುದಿಲ್ಲ ಎನ್ನುತ್ತಿದ್ದಾರೆ. ಹೆಂಡತಿ, ಎರಡು ಚಿಕ್ಕ ಮಕ್ಕಳಿದ್ದಾರೆ. — ನಿವೃತ್ತ ಶಿಕ್ಷಕರು, ಕುಷ್ಟಗಿ

ಉತ್ತರ: ಗುರುಗಳೇ, ಓಡಿದ್ದು ತಪ್ಪು ಎಂಬ ಮಾತು ಸರಿ, ಅದರಿಂದ ಅವರು ಎಳೆಯುವ ತೀರ್ಮಾನ ಸರಿಯಲ್ಲ. ಬಂಧನವನ್ನು ಬಲವಂತವಾಗಿ ಎದುರಿಸುವವರ ಅಥವಾ ತಪ್ಪಿಸಿಕೊಳ್ಳುವವರ ವಿರುದ್ಧ ಅಗತ್ಯವಾದ ಎಲ್ಲ ಉಪಾಯಗಳನ್ನು ಬಳಸಲು ಸುರಕ್ಷಾ ಸಂಹಿತೆಯ 43ನೇ ಕಲಂ ಪೊಲೀಸರಿಗೆ ಅನುಮತಿಸುತ್ತದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧದ ಆರೋಪವಿಲ್ಲದ ವ್ಯಕ್ತಿಯ ಸಾವಿಗೆ ಕಾರಣವಾಗುವ ಹಕ್ಕನ್ನು ಅದು ಕೊಡುವುದಿಲ್ಲವೆಂದು ಅದೇ ಕಲಮಿನಲ್ಲಿ ಬರೆದಿದೆ. ಬೈಕಿನಲ್ಲಿ ಹೆಚ್ಚು ಜನ ಕೂತದ್ದು ಸಾವಿರ ರೂಪಾಯಿಯ ಅಪರಾಧ. ಅದಕ್ಕಾಗಿ ಜೀಪಿನಿಂದ ಬೈಕನ್ನು ತಾಗಿಸುವ ಹಂತಕ್ಕೆ ಹೋಗುವುದನ್ನು ಯಾವ ಕಾನೂನೂ ಸಮರ್ಥಿಸುವುದಿಲ್ಲ.

ಹೆಲ್ಮೆಟ್ ಇಲ್ಲದೆ ಬಂದ ಯುವಕನೊಬ್ಬನನ್ನು ರಸ್ತೆ ಮಧ್ಯೆ ಹಿಡಿಯಲು ಹೋದಾಗ ಬೈಕ್ ಪೊಲೀಸ್ ಅಧಿಕಾರಿಗೆ ಗುದ್ದಿದ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ, ಸವಾರರನ್ನು ಅಡ್ಡಗಟ್ಟಿ ಹಿಡಿಯುವುದನ್ನೂ ಬೆನ್ನಟ್ಟುವುದನ್ನೂ ಬಿಟ್ಟು ಕ್ಯಾಮೆರಾದಂಥ ಸಾಧನಗಳಿಂದ ನಂಬರ್ ದಾಖಲಿಸಿಕೊಂಡು ಕ್ರಮ ಕೈಗೊಳ್ಳಬೇಕೆಂದು ಹೇಳಿತು. ನಮ್ಮ ರಾಜ್ಯದಲ್ಲಿಯೂ, 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಯ ವೇಳೆ ಬೈಕ್ ಉರುಳಿ ಪುಟ್ಟ ಮಗುವೊಂದು ಮೃತಪಟ್ಟ ನಂತರ, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ತಪಾಸಣೆಗಾಗಿಯೇ ವಾಹನ ನಿಲ್ಲಿಸಬಾರದು, ಕೀ ಕಿತ್ತುಕೊಳ್ಳಬಾರದು, ವೇಗವಾಗಿ ಹೋಗುವ ವಾಹನಗಳ ಬೆನ್ನು ಹತ್ತದೆ ನಂಬರ್ ಬರೆದುಕೊಂಡು ನಿಯಂತ್ರಣ ಕೊಠಡಿಗೆ ತಿಳಿಸಬೇಕು ಎಂಬ ಸೂಚನೆಗಳನ್ನು ಪೊಲೀಸ್ ಮಹಾನಿರ್ದೇಶಕರು ಹೊರಡಿಸಿದರು. ನಂಬರ್ ಇದ್ದ ಮೇಲೆ ಮಾಲೀಕನ ವಿಳಾಸ ಸಿಗುತ್ತದೆ. ಸಣ್ಣ ಅಪರಾಧಕ್ಕೆ ಬೆನ್ನಟ್ಟುವ ಅಗತ್ಯವೇ ಬೀಳುವುದಿಲ್ಲ ಎಂಬುದು ಆ ಸೂಚನೆಗಳ ಹಿಂದಿನ ಸರಳ ತರ್ಕ.

ಈಗ ಮಾಡಬೇಕಾದ ಕೆಲಸ. ಜೀಪು ತಾಗಿದ್ದನ್ನು ನೋಡಿದವರಿದ್ದರೆ ಅವರ ಹೆಸರನ್ನು ಸೇರಿಸಿ, ಜೀಪಿನ ಚಾಲಕನ ವಿರುದ್ಧ ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ ದೂರು ಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಸುರಕ್ಷಾ ಸಂಹಿತೆಯ 173(4)ನೇ ಕಲಮಿನ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ದಾರಿಯ ಅಂಗಡಿಗಳ ಸಿಸಿಟಿವಿ ದೃಶ್ಯಗಳು ಬೇಗ ಅಳಿಸಿಹೋಗುವುದರಿಂದ ಅವುಗಳನ್ನು ಕಾಯ್ದಿರಿಸುವಂತೆ ಮೊದಲ ದೂರಿನಲ್ಲಿಯೇ ಕೇಳಿ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಬರೆಯಬಹುದು. ಪರಿಹಾರಕ್ಕೆ ಪತ್ನಿ ಮತ್ತು ಮಕ್ಕಳ ಹೆಸರಿನಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿರುವುದರಿಂದ ಘಟನೆ ನಡೆದ ಜಿಲ್ಲೆಗೆ ಅಲೆಯಬೇಕಾಗಿಲ್ಲ. ಮೃತನ ಪಾಲಿನ ನಿರ್ಲಕ್ಷ್ಯವನ್ನು ಲೆಕ್ಕ ಹಾಕಿ ಮೊತ್ತವನ್ನು ಒಂದು ಪ್ರಮಾಣದಲ್ಲಿ ಕಡಿಮೆ ಮಾಡಬಹುದು, ಆದರೆ ಅಷ್ಟರಿಂದಲೇ ಪೂರ್ತಿ ನಿರಾಕರಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಾದ 166ನೇ ಕಲಂ ಅಪಘಾತದ ದಿನದಿಂದ ಆರು ತಿಂಗಳ ಗಡುವು ಹೇಳುತ್ತದೆ. ಪತ್ರದಲ್ಲಿ ಘಟನೆಯ ದಿನಾಂಕ ಬರೆದಿಲ್ಲ. ಆ ಗಡುವು ಹತ್ತಿರವಿದ್ದರೆ ಕ್ರಿಮಿನಲ್ ತನಿಖೆ ಮುಗಿಯಲೆಂದು ಕಾಯದೆ, ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿಗಳೊಂದಿಗೆ ಈ ವಾರವೇ ಅರ್ಜಿ ಸಲ್ಲಿಸಿ.